ಪದಚರ್ಚೆ: ಗೋಮಾಳ ಉಳುವವರಿಗೆ ಬ್ಯಾನರಿನಲ್ಲಿ ಏನೆನ್ನುವುದು?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಗೋಮಾಳದಂಥ ಸರ್ಕಾರಿ ಜಮೀನಿನಲ್ಲಿ ಮಾಡುತ್ತಿರುವ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಫಾರಂ 57ರಲ್ಲಿ ಅರ್ಜಿ ಹಾಕಿದವರಿಗಾಗಿ ನಮ್ಮೂರಿನಲ್ಲಿ ಮಾಹಿತಿ ಶಿಬಿರವಿದೆ. ಇಂಗ್ಲಿಷ್ ಕರಪತ್ರದಲ್ಲಿ ‘ಎನ್‌ಕ್ರೋಚರ್’ ಎಂದಿದೆ. ‘ಒತ್ತುವರಿದಾರರು’ ಎಂದು ಬರೆದಿಟ್ಟಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ಬ್ಯಾನರು ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಿಂಟಿಗೆ ಹೋಗಬೇಕು.
– ಸು.

> ಒತ್ತುವರಿದಾರರು

ಬೇಡ. ‘ದಾರ’ ಪಾರಸಿ ಬಾಲ. ‘ಬಗರ್ ಹುಕುಂ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಅದು ತಲೆಯಿಂದ ಕಾಲಿನವರೆಗೂ ಹೊರಗಿನದು. ‘ಅಪ್ಪಣೆಯಿಲ್ಲದ ಉಳುಮೆಗಾರರು’ ಎನ್ನಿ. ಮನೆಯಲ್ಲಿರುವಾಗ ಕಡ ಏಕೆ?
– ವೆಂ.

ವೆಂ. ಅವರೇ, ಈ ಪದವನ್ನು ಯಾವ ಹೊಲದಲ್ಲಿ ಕೇಳಿದ್ದೀರಿ?

ಸು. ಅವರೇ, ಒತ್ತುವರಿ ಬೇಡವೇ ಬೇಡ, ಆದರೆ ಕಾರಣ ಬೇರೆ. ಒತ್ತುವುದೆಂದರೆ ಪಕ್ಕದವನ ಬದು ಒತ್ತುವುದು, ಪ್ರತಿ ಉಳುಮೆಗೂ ನೇಗಿಲನ್ನು ಗೇಣುದ್ದ ಆಚೆ ಹಾಯಿಸುವುದು. ಗೋಮಾಳದಲ್ಲಿ ಕಲ್ಲು ಆಯ್ದು, ಲಂಟಾನ ಕಿತ್ತು ರಾಗಿ ಬಿತ್ತಿದವಳು ಯಾರ ಬದು ಒತ್ತಿದಳು? ಅವಳದು ಸಾಗುವಳಿ. ಪದ ತಪ್ಪಿದರೆ ಕಲಮೇ ತಪ್ಪುತ್ತದೆ: ಒಂದೇ ಭೂಕಂದಾಯ ಕಾಯ್ದೆಯ 94ಎ ಸಕ್ರಮ ಮಾಡುತ್ತದೆ, 192ಎ ಅಪರಾಧ ಎನ್ನುತ್ತದೆ.

ಸಕ್ರಮದ ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರು. ನಮ್ಮಜ್ಜಿ 1991ರಲ್ಲಿ ಫಾರಂ 50 ಹಾಕಿದ್ದಳು. ಸ್ವೀಕೃತಿ ಚೀಟಿ ಇನ್ನೂ ಟ್ರಂಕಿನಲ್ಲಿದೆ, ಮಡಿಕೆಯ ಗೆರೆಯಲ್ಲೇ ಹರಿದುಹೋಗಿದೆ. ಆಮೇಲೆ 53, ಆಮೇಲೆ 57. ಅದೇ ಮಾಳದಲ್ಲಿ ಸಮಿತಿಗೆ ಬೇಕಾದವರಿಗೆ ಸಾಗುವಳಿ ಚೀಟಿ ಸಿಕ್ಕಿತು, ಪಹಣಿಯಾಯಿತು, ಅದನ್ನಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಿ ಬೋರು ಕೊರೆಸಿದರು, ಅಡಿಕೆ ಹಾಕಿದರು. ನಮ್ಮದು ಇವತ್ತಿಗೂ ಮಳೆ ನಂಬಿದ ರಾಗಿ. 1974ರ ಭೂಸುಧಾರಣೆಯಲ್ಲಿ ‘ಉಳುವವನೇ ಹೊಲದೊಡೆಯ’ ಆದಾಗ ಒಡೆತನ ಕೇಳಲು ಗೇಣಿದಾರರಿಗೆ ಫಾರಂ 7 ಇತ್ತು. ಗೋಮಾಳ ಉತ್ತವರು ಯಾರ ಗೇಣಿದಾರರೂ ಅಲ್ಲವಲ್ಲ, ಅವರಿಗೆ ಅದೂ ದಕ್ಕಲಿಲ್ಲ.

ಅಜ್ಜಿ ಹೇಳುತ್ತಿದ್ದದ್ದು ‘ಬಗರುಕುಂ’. ಅದನ್ನೇ ಬರೆಯಿರಿ.
– ಗೌ.

> ಯಾವ ಹೊಲದಲ್ಲಿ ಕೇಳಿದ್ದೀರಿ

ನಿಮ್ಮ ನೋವಿಗೆ ತಲೆಬಾಗುತ್ತೇನೆ, ವಾದಕ್ಕಲ್ಲ. ಜಮೀನು, ತಹಸೀಲ್ದಾರ್, ಹುಕುಂ, ಕಬ್ಜೆ: ರೈತ ತನ್ನ ಕಾಗದವನ್ನೇ ಇನ್ನೊಬ್ಬರಿಂದ ಓದಿಸಿಕೊಳ್ಳುವಂತಾದದ್ದು ಈ ಕಚೇರಿ ಭಾಷೆಯಿಂದ. ‘ಗೋಮಾಳ’ದಲ್ಲಿ ಮಾಳ ನಮ್ಮದೇ, ‘ಹಿಡುವಳಿ’ ನಮ್ಮದೇ. ಅವು ಬಾಳಿಲ್ಲವೇ?
– ವೆಂ.

ಬಾಳಿವೆ, ಬಳಸುವವರು ಇದ್ದುದರಿಂದ. ಅಜ್ಜಿಗೆ ‘ಹುಕುಂ’ ಎಂದೂ ತೊಡಕಾಗಲಿಲ್ಲ ಸಾರ್. ಸಮಿತಿಯ ಸಭೆ ಯಾವಾಗ ಎಂದು ಹೇಳುವವರಿರಲಿಲ್ಲ. ಸು., ನಿಮ್ಮ ಬ್ಯಾನರಿನಲ್ಲಿ ಸಭೆಯ ದಿನವನ್ನು ದಪ್ಪಕ್ಷರದಲ್ಲಿ ಹಾಕಿ.
– ಗೌ.

ಇಬ್ಬರಿಗೂ ವಂದನೆ. ಹೀಗೆ ಕೊಟ್ಟಿದ್ದೇನೆ: ‘ಬಗರ್ ಹುಕುಂ ಸಾಗುವಳಿದಾರರ ಶಿಬಿರ. ಹಳೆಯ ಸ್ವೀಕೃತಿ ಚೀಟಿ ಎಷ್ಟೇ ಹರಿದಿರಲಿ, ತನ್ನಿ.’ ಸಭೆಯ ದಿನಾಂಕ ತಾಲ್ಲೂಕು ಕಚೇರಿಯಿಂದ ಇನ್ನೂ ಸಿಕ್ಕಿಲ್ಲ. ಆ ಜಾಗ ಖಾಲಿ ಬಿಡಿಸಿದ್ದೇನೆ, ತಿಳಿದ ಮೇಲೆ ಕೈಯಲ್ಲೇ ಬರೆಯುತ್ತೇನೆ.
– ಸು.