ಇದ್ದದ್ದರಲ್ಲಿ ನೆಮ್ಮದಿ ಹೇಗೆ? ನಿಮ್ಮ ಅನುಭವ ಹೇಳಿ

ಗೋಕುಲ ರೋಡ್, ಹುಬ್ಬಳ್ಳಿ: ಎಲ್ಲರಿಗೂ ವಂದನೆ. ನಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥ ಕಷ್ಟವೇನೂ ಇಲ್ಲ. ಆದರೂ ಮನಸ್ಸು ಮುಂದಿನದಕ್ಕೇ ಓಡುತ್ತದೆ. ಸ್ವಂತ ಮನೆ ಆಗಲಿ, ಯಜಮಾನರ ಕೆಲಸ ಪರ್ಮನೆಂಟ್ ಆಗಲಿ, ಮಗಳಿಗೆ ಸೀಟು ಸಿಗಲಿ, ಆಮೇಲೆ ಸಮಾಧಾನ ಅಂತ. ಭಾನುವಾರ ಚರ್ಚಿನಲ್ಲಿ ಪ್ರಸಂಗ ಕೇಳುವಾಗ ಎಲ್ಲಾ ಸರಿ ಅನಿಸುತ್ತದೆ. ಮಧ್ಯಾಹ್ನ ಬೆಂಗಳೂರಿನ ತಂಗಿಯ ವಾಟ್ಸಾಪ್ ಸ್ಟೇಟಸ್ ನೋಡಿದರೆ ಮುಗೀತು. ಸ್ತೋತ್ರ ಹೇಳು, ಅಂದರೆ ದೇವರಿಗೆ ಕೃತಜ್ಞತೆ ಸಲ್ಲಿಸು ಅಂತ ಎಲ್ಲರೂ ಹೇಳುತ್ತಾರೆ. ನೀವು ದಿನಾ ಏನು ಮಾಡುತ್ತೀರಿ, ಅದನ್ನು ಹೇಳಿ.

ಬೆಟಗೇರಿ, ನಿವೃತ್ತ ನರ್ಸ್: ತಂಗೀ, ಬೈಬಲ್‌ನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ಪೂರ್ತಿ ಓದು. ಯಾವ ಸ್ಥಿತಿಯಲ್ಲಿದ್ದರೂ ತೃಪ್ತಿಯಿಂದ ಇರುವುದನ್ನು ಕಲಿತಿದ್ದೇನೆ ಅಂತ ಪೌಲ ಬರೆದದ್ದು ಸೆರೆಯಲ್ಲಿದ್ದಾಗ. ಎಲ್ಲರೂ ಆ ಒಂದು ವಚನಕ್ಕೇ ನಿಲ್ಲುತ್ತಾರೆ. ಕೆಳಗೆ ನೋಡು, ಆ ಊರಿನ ಸಭೆಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ಸಹಾಯ ಮುಟ್ಟಿತು, ನನ್ನ ಕಷ್ಟದಲ್ಲಿ ಪಾಲುಗೊಂಡಿರಿ, ಒಳ್ಳೆಯದಾಯಿತು ಅಂತಾನೆ. ತೃಪ್ತಿ ಇದ್ದವನಿಗೂ ಜನ ಬೇಕು.

ನಾನು ರಾತ್ರಿ ಮಲಗುವ ಮುಂಚೆ, ಆ ದಿನ ನನಗೆ ಆಸರೆಯಾದ ಒಬ್ಬರ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತೇನೆ. ನಿನ್ನೆ ಗ್ಯಾಸ್ ಸಿಲಿಂಡರ್ ಮೆಟ್ಟಿಲು ಹತ್ತಿಸಿದ ಹುಡುಗ. ಹೆಸರು ಗೊತ್ತಿರಲಿಲ್ಲ, ಕೇಳಿಕೊಂಡೆ. ಹೆಸರಿಲ್ಲದೆ ಸುಮ್ನೆ "ಎಲ್ಲಾದಕ್ಕೂ ಸ್ತೋತ್ರ ದೇವರೇ" ಅಂದರೆ ನನಗೆ ನಿದ್ದೆ ಬಂದುಬಿಡುತ್ತದೆ!

ಬ್ಯಾಡಗಿ ಹತ್ತಿರದ ಹಳ್ಳಿ: ಅಕ್ಕಾರೆ, ನಮ್ಮದು ಮೆಣಸಿನಕಾಯಿ. ಕಣದಲ್ಲಿ ಹರವಿದ ಕಾಯಿ ಮಳೆಗೆ ಸಿಕ್ಕರೆ ಬಣ್ಣ ಹೋಗುತ್ತದೆ. ಬಣ್ಣ ಹೋದರೆ ಮಾರ್ಕೆಟ್‌ನಲ್ಲಿ ರೇಟೂ ಹೋಯಿತು. ಅಂಥ ವರ್ಷ ಯಾರಾದರೂ ಸ್ತೋತ್ರ ಹೇಳು ಅಂದರೆ ಸಿಟ್ಟೇ ಬರುತ್ತದೆ. ಬರಲಿ. ನಾನು ಬೈಬಲ್‌ನ ಪ್ರವಾದಿ ಹಬಕ್ಕೂಕನ ಮೂರನೇ ಅಧ್ಯಾಯದ ಕೊನೆ ಓದುತ್ತೇನೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಅಂತಾನೆ. ಹೋದದ್ದನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕಿದ ಮೇಲೇ ಆ ಮಾತು ಬರುವುದು. ನನಗೆ ಅದೇ ಇಷ್ಟ.

ಬೆಳೆ ಹಬ್ಬಕ್ಕೆ ಹಾಳಾದ ವರ್ಷವೂ ಒಂದು ಪುಟ್ಟಿ ಕಾಯಿ ಒಯ್ಯುತ್ತೇವೆ. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ತಂದದ್ದರ ಸವಾಲು, ಅಂದರೆ ಹರಾಜು. ಒಮ್ಮೆ ನಮ್ಮ ಬಿಳಿಚಿದ ಕಾಯಿಗೆ ಮಾಸ್ತರರೊಬ್ಬರು ಬೆಲೆ ಏರಿಸುತ್ತಲೇ ಹೋದರು. ಅವರ ಮನೆಯಲ್ಲಿ ಖಾರ ತಿನ್ನುವವರೇ ಇಲ್ಲ!

ಕೇಶ್ವಾಪುರ, ಹುಬ್ಬಳ್ಳಿ: ನಾವು ಕಥೋಲಿಕರು. ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರೀಕ್ಷೆ ನಮ್ಮಲ್ಲಿದೆ. ಮೊದಲು ದಿನದ ಉಪಕಾರ ನೆನೆಯಬೇಕು, ತಪ್ಪು ನೋಡಿಕೊಳ್ಳುವುದು ಆಮೇಲೆ. ನಾನು ಧಾರವಾಡದಿಂದ ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲೇ ಮಾಡುತ್ತೇನೆ. ಉಣಕಲ್ ಬರುವ ತನಕ ಮೊಬೈಲ್ ಬ್ಯಾಗಿನಲ್ಲಿ. ಸೀಟು ಸಿಗದಿದ್ದರೆ ನಿಂತುಕೊಂಡೇ.

ತಂಗಿಯ ಸ್ಟೇಟಸ್ ಮ್ಯೂಟ್ ಮಾಡಿ, ಅವರಿಗೆ ಫೋನ್ ಹಚ್ಚಿ. ಇಎಂಐ ಕಥೆ ಸ್ಟೇಟಸ್‌ನಲ್ಲಿ ಯಾರೂ ಹಾಕುವುದಿಲ್ಲ ಅಲ್ವಾ?

ಗೋಕುಲ ರೋಡ್: ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಮಾತು. ಕೊಟ್ಟಷ್ಟರಲ್ಲಿ ಇರಬೇಕು ಅಂತ ನಮ್ಮ ಅತ್ತೆ ಹೇಳುತ್ತಾರೆ. ಹಾಗಾದರೆ ಯಜಮಾನರು ಪರ್ಮನೆಂಟ್‌ಗಾಗಿ ಓಡಾಡುವುದನ್ನು ಬಿಡಬೇಕಾ?

ಧಾರವಾಡ, ಗುತ್ತಿಗೆ ಉಪನ್ಯಾಸಕ: ಯಾಕೆ ಬಿಡಬೇಕು? ಅರಣ್ಯದಲ್ಲಿ ಇಸ್ರಾಯೇಲರಿಗೆ ಮನ್ನಾ ಅನ್ನುವ ಆಹಾರ ಕೊಟ್ಟದ್ದು ದೇವರೇ. ಆದರೆ ದಿನಾ ಬೆಳಗ್ಗೆ ಎದ್ದು ಕೂಡಿಸಿಕೊಳ್ಳಬೇಕಿತ್ತು, ಬಿಸಿಲೇರಿದರೆ ಕರಗುತ್ತಿತ್ತು. ಮರುದಿನಕ್ಕೆ ಅಂತ ಇಟ್ಟುಕೊಂಡದ್ದಕ್ಕೆ ಹುಳ ಬಿತ್ತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡು ಪಾಲು. ಅರ್ಜಿ ಹಾಕುವುದು ಇವತ್ತಿನ ಕೆಲಸ, ಹಾಕಲಿ. ಆರ್ಡರ್ ಬರುವ ತನಕ ಮನೆಯಲ್ಲಿ ಯಾರೂ ನಗಬಾರದು ಅಂತಿದ್ದರೆ ಅದು ತ್ರಾಸು.

ನನಗೆ ಸಂಬಳ ತಡವಾದಾಗಲೆಲ್ಲ 13ನೇ ಕೀರ್ತನೆ. ಎಲ್ಲಿಯ ತನಕ ಮರೆತಿರುತ್ತೀ ಅಂತ ದಾವೀದ ದೇವರನ್ನೇ ಕೇಳುತ್ತಾನೆ, ಹಾಡು ಬರುವುದು ಕೊನೆಗೆ. ಹಾಗಂತ ಸಂಬಳ ಕೊಡಬೇಕಾದವರನ್ನು ಕೇಳದೇ ಬಿಟ್ಟಿಲ್ಲ. ಎಲ್ಲರೂ ಸೇರಿ ಕೇಳಿದೆವು, ಬಂತು.

ಗೋಕುಲ ರೋಡ್: ಇದನ್ನು ಅತ್ತೆಗೆ ಓದಿ ಹೇಳುತ್ತೇನೆ. ತಂಗಿಗೆ ಸಂಜೆ ಫೋನ್. ಬೆಟಗೇರಿಯ ಅಕ್ಕಾರೆ, ಎಪಫ್ರೊದೀತ ಎಷ್ಟನೇ ವಚನದಲ್ಲಿ ಬರುತ್ತಾನೆ?

ಬೆಟಗೇರಿ: 18ನೇ ವಚನ. ಎರಡನೇ ಅಧ್ಯಾಯದಲ್ಲೂ ಇದ್ದಾನೆ ನೋಡು. ಸಹಾಯ ಮಾಡಲು ಹೋದವನೇ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ಆ ಸುದ್ದಿ ಊರಿಗೆ ಮುಟ್ಟಿತಲ್ಲ ಅಂತ ಅವನಿಗೇ ಚಿಂತೆ!