ದೋಸೆ 50 ರೂಪಾಯಿಗೂ 60ಕ್ಕೂ ಅಷ್ಟೇ ವ್ಯಾಪಾರ, ಯಾಕೆ?

ಪ್ರಶ್ನೆ: 50 ರೂ.ಗೆ ದಿನಕ್ಕೆ 240 ದೋಸೆ, 60 ರೂ.ಗೆ 200. ಎರಡರಲ್ಲೂ 12,000 ರೂ. ಬರುತ್ತದೆ. ಇದನ್ನು ಬಹುಪದೋಕ್ತಿಯಾಗಿ (ಬೆಲೆ, ಬೆಲೆಯ ವರ್ಗ ಇಂಥ ಪದಗಳ ಮೊತ್ತವಾಗಿ) ಬರೆಯುವುದು ಹೇಗೆ?

ಉತ್ತರ 1: ಮೊದಲು ಬೇಡಿಕೆಯ ರೇಖೆ ಹಿಡಿಯಿರಿ. 10 ರೂ. ಏರಿಕೆಗೆ 40 ದೋಸೆ ಕಡಿಮೆ, ಅಂದರೆ ರೂಪಾಯಿಗೆ 4. ಬೆಲೆಯನ್ನು 'ಬೆ' ಎಂದುಕೊಂಡರೆ ಬೇಡಿಕೆ = 440 − 4ಬೆ. ಅದನ್ನು ಬೆಲೆಯಿಂದ ಗುಣಿಸಿ: ಆದಾಯ = 440ಬೆ − 4ಬೆ². ಶೂನ್ಯತೆಗಳು, ಅಂದರೆ ಆದಾಯ ಸೊನ್ನೆಯಾಗುವ ಬೆಲೆಗಳು, 0 ಮತ್ತು 110; ಪರವಲಯದ (ಈ ಆದಾಯದ ಕಮಾನಿನಂಥ ರೇಖೆಯ) ತುದಿ ಅವುಗಳ ಸರಿನಡುವೆ, 55ರಲ್ಲಿ. ಅಲ್ಲಿ 220 ದೋಸೆ, 12,100 ರೂ. 50 ಮತ್ತು 60 ಆ ತುದಿಯಿಂದ ಸಮದೂರದಲ್ಲಿವೆ, ಅದಕ್ಕೇ ಒಂದೇ ಮೊತ್ತ.

ಉತ್ತರ 2: ಲೆಕ್ಕ ಸರಿ, ಆದರೆ 55 ಲಾಭದ ಬೆಲೆ ಅಲ್ಲ. ಒಂದು ದೋಸೆಗೆ 25 ರೂ. ಖರ್ಚಾದರೆ ಲಾಭ = (ಬೆ − 25)(440 − 4ಬೆ). ಗರಿಷ್ಠ 67.50ರಲ್ಲಿ: 170 ದೋಸೆ, 7,225 ರೂ. 55ರಲ್ಲಿ ಬರೀ 6,600. ಬಾಡಿಗೆ ಕಳೆದರೆ ಮೊತ್ತ ಇಳಿಯುತ್ತದೆ, ತುದಿಯ ಬೆಲೆ ಜರುಗುವುದಿಲ್ಲ.

ಉತ್ತರ 3: 67.50 ನಿಮ್ಮ ಅಂಕಿಗಳ ಆಚೆಗಿದೆ, ನೇರ ನಂಬಬೇಡಿ. ಎರಡು ಬಿಂದುಗಳಿಂದ ಯಾವಾಗಲೂ ಸರಳರೇಖೆಯೇ ಬರುತ್ತದೆ! 65, 70ನ್ನೂ ತಲಾ ಪೂರ್ತಿ ಒಂದು ವಾರ ಇಟ್ಟು ನೋಡಿ. ಭಾನುವಾರದ್ದನ್ನು ಸೋಮವಾರದ ಜೊತೆ ಹೋಲಿಸಿದರೆ ರೇಖೆಯ ಇಳಿಜಾರೇ (ರೂಪಾಯಿಗೆ ಎಷ್ಟು ದೋಸೆ ಕಡಿಮೆ ಎಂಬುದೇ) ತಪ್ಪುತ್ತದೆ. ನಾಲ್ಕು ಬಿಂದು ಸಿಕ್ಕವೆಂದು ಘನ ಬಹುಪದೋಕ್ತಿ (ಬೆ³ ವರೆಗೆ ಹೋಗುವುದು) ಕೂರಿಸಲೂ ಹೋಗಬೇಡಿ. ನಾಲ್ಕರ ಮೂಲಕವೂ ಕರಾರುವಾಕ್ಕಾಗಿ ಹಾಯುತ್ತದೆ, 80ಕ್ಕೆ ಹೋದರೆ ಬೇಡಿಕೆ ಏರುತ್ತದೆ ಎಂದೂ ಹೇಳಿಬಿಡಬಹುದು.