ಹಗುರ ಬಾಲ್ಸಾ ಮರದ ಮಾದರಿ ವಿಮಾನ ಕಟ್ಟುವವರೇ, ನಿಮ್ಮ ಮೇಜು ಬಿಟ್ಟು ಕದಲದ ಸಾಧನ ಯಾವುದು?

ಹೊಸರೆಕ್ಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ ಫೋಮ್ ಬೋರ್ಡಿನಲ್ಲಿ ಎರಡು ವಿಮಾನ ಮಾಡಿದ್ದೇನೆ. ಎರಡೂ ಹಾರಿದವು, ಒಂದು ಇನ್ನೂ ಇದೆ. ಈಗ ಮೊದಲ ಸಲ ನಕ್ಷೆ ಹಾಸಿಕೊಂಡು ಬಾಲ್ಸಾ ಕೆಲಸಕ್ಕೆ ಕೈ ಹಾಕಿದ್ದೇನೆ. ರೆಕ್ಕೆ 1.2 ಮೀಟರ್ ಉದ್ದ, ಬುಡದಿಂದ ತುದಿಯವರೆಗೆ ಅಗಲ ಒಂದೇ ಸಮ. ಒಟ್ಟು 22 ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬುಗಳು), ಎಲ್ಲವೂ 1.5 ಮಿ.ಮೀ. ಹಲಗೆಯಿಂದ.

ನನ್ನ ಹತ್ತಿರ ಇರುವುದು ಮುರಿದು ಮುರಿದು ಬಳಸುವ ಬ್ಲೇಡಿನ ಚಾಕು, ಒಂದು ಸ್ಟೀಲ್ ಸ್ಕೇಲ್, ಸೂಪರ್ ಗ್ಲೂ ಮತ್ತು ಬೇಕಾದಷ್ಟು ಉತ್ಸಾಹ. ಎರಡು ಸಂಜೆ ಕೂತು 22 ರಿಬ್ ಕತ್ತರಿಸಿದೆ. ಸಾಲಾಗಿ ನಿಲ್ಲಿಸಿ ನೋಡಿದರೆ ಮೇಲಂಚು ಗರಗಸದ ಹಲ್ಲಿನ ಹಾಗಿದೆ! ಅರ್ಧದಷ್ಟು ರಿಬ್ಬುಗಳ ಬಾಲ ಎಳೆಗುಂಟ ಸೀಳಿಹೋಗಿದೆ.

ಬೇಕಾದ ಸಾಧನಗಳ ಪಟ್ಟಿ ಹುಡುಕಿದರೆ ಒಬ್ಬೊಬ್ಬರದು ನಲವತ್ತು ಸಾಮಾನಿನ ಪಟ್ಟಿ. ಅಷ್ಟೆಲ್ಲ ಬೇಡ. ನೀವು ನಿಜಕ್ಕೂ ದಿನಾ ಕೈಗೆತ್ತಿಕೊಳ್ಳುವುದು ಯಾವುದು? ತಂದು ಮೂಲೆಗೆ ಹಾಕಿದ್ದು ಯಾವುದು? ಅದನ್ನೂ ಹೇಳಿ.

ಮೂರು ಎಡತುದಿ ಉತ್ತರಿಸಿದ್ದು:

ನನ್ನ ಹೆಸರು ಯಾಕೆ ಹೀಗಿದೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ರಿಬ್ಬಿನ ವಿಷಯ.

ತಪ್ಪು ನಿಮ್ಮ ಕೈಯದಲ್ಲ. 22 ರಿಬ್ಬನ್ನು ಒಂದೊಂದಾಗಿ ಕತ್ತರಿಸಿ ಒಂದೇ ಸಮ ಮಾಡುತ್ತೇನೆ ಎಂದರೆ ಯಾರಿಗೂ ಆಗುವುದಿಲ್ಲ. ತೆಳು ಪ್ಲೈವುಡ್‌ನಲ್ಲಿ ಒಂದೇ ಒಂದು ರಿಬ್ ಆಕಾರವನ್ನು ನಿಧಾನವಾಗಿ, ಚೆನ್ನಾಗಿ ಮಾಡಿ. ಅದನ್ನೇ ಅಚ್ಚಾಗಿ ಇಟ್ಟು ಇನ್ನೊಂದು ಮಾಡಿ. ಬಾಲ್ಸಾವನ್ನು ಅಳತೆಗಿಂತ ಎರಡು ಮಿ.ಮೀ. ದೊಡ್ಡದಾಗಿ ಚೌಕ ಚೌಕ ಕತ್ತರಿಸಿ, ಎರಡು ಪ್ಲೈ ನಡುವೆ ಜೋಡಿಸಿ, ಎರಡು ಕಡೆ ತೂತು ಹಾಕಿ ಬೋಲ್ಟ್ ಬಿಗಿಯಿರಿ. ನಿಮ್ಮ 22 ರಿಬ್ ಸೇರಿದರೆ ಬರೀ 33 ಮಿ.ಮೀ. ದಪ್ಪ. ಇಡೀ ಕಟ್ಟನ್ನು ಒಂದೇ ಮರದ ತುಂಡು ಎಂದುಕೊಂಡು ಉಜ್ಜಿ. ಉಪ್ಪುಕಾಗದ ಪ್ಲೈಗೆ ತಾಕಿದ ಕೂಡಲೇ ಸದ್ದು ಬದಲಾಗುತ್ತದೆ. ಬಾಲ್ಸಾ ಮೇಲೆ ಸರ್ ಸರ್ ಎನ್ನುವುದು ಪ್ಲೈ ಮೇಲೆ ಕರ್ ಕರ್ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಕಡ್ಡಿ) ಕೂರುವ ಕಚ್ಚನ್ನೂ ಕಟ್ಟು ಬಿಚ್ಚುವ ಮೊದಲೇ ಸಣ್ಣ ಹಲ್ಲಿನ ಗರಗಸದಿಂದ ಹಾಕಿಬಿಡಿ, 22ಕ್ಕೂ ಒಂದೇ ಸಲ. ಕಚ್ಚು ನಯ ಮಾಡಲು ಸ್ಪಾರ್ ಕಡ್ಡಿಗಿಂತ ಒಂದು ಕೂದಲು ತೆಳುವಾದ ಪಟ್ಟಿಗೆ ಉಪ್ಪುಕಾಗದ ಅಂಟಿಸಿಕೊಳ್ಳಿ.

ಹಾಗಾಗಿ ಕೇಳಿದ ಪ್ರಶ್ನೆಗೆ ಉತ್ತರ: ಉಜ್ಜುವ ಪಟ್ಟಿ. ನನ್ನದು 300 ಮಿ.ಮೀ. ಉದ್ದದ ಅಲ್ಯುಮಿನಿಯಂ ಚೌಕ ಕೊಳವೆ. ಒಂದು ಮುಖಕ್ಕೆ ಒರಟಾದ 120, ಎದುರು ಮುಖಕ್ಕೆ ನಯವಾದ 240ರ ಉಪ್ಪುಕಾಗದ, ಎರಡೂ ಕಡೆ ಅಂಟುವ ಟೇಪಿನಿಂದ. ಉಳಿದ ಎರಡು ಮುಖ ಖಾಲಿ, ಹಿಡಿಯೋಕೆ. ಕಾಗದದ ಅಂಚನ್ನು ಕೊಳವೆಯ ಮೂಲೆಗೆ ಸರಿಯಾಗಿ ಕತ್ತರಿಸಿದ್ದೇನೆ, ಅದರಿಂದ ಸಂದಿಯೊಳಗೂ ಉಜ್ಜಬಹುದು. ಬೆರಳಿನಲ್ಲಿ ಕಾಗದ ಹಿಡಿದು ಉಜ್ಜಿದರೆ ಮೆತ್ತಗಿರುವ ಕಡೆ ಗುಳಿ ಬೀಳುತ್ತದೆ, ಗಟ್ಟಿ ಇರುವ ಕಡೆ ಉಬ್ಬು ಉಳಿಯುತ್ತದೆ. ಉದ್ದನೆಯ ಪಟ್ಟಿಗೆ ಆ ಮುಲಾಜಿಲ್ಲ. ಎತ್ತರ ಇರುವುದನ್ನು ಮಾತ್ರ ತೆಗೆಯುತ್ತದೆ.

ಚಾಕು ಬಗ್ಗೆ ಎರಡೇ ಮಾತು. ಮುರಿಯುವ ಬ್ಲೇಡ್ ಫೋಮ್‌ಗೆ ಸರಿ, ರಿಬ್ಬಿಗೆ ದಪ್ಪ ಆಯಿತು. 11ನೇ ನಂಬರಿನ ಚೂಪು ಬ್ಲೇಡ್ ತೆಗೆದುಕೊಳ್ಳಿ, ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ, ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಬಾಲ ಸೀಳುತ್ತಿರುವುದು ಮರದ ಎಳೆ ಬ್ಲೇಡನ್ನು ರಿಬ್ಬಿನ ಒಳಕ್ಕೆ ಎಳೆದುಕೊಳ್ಳುವುದರಿಂದ. ಎಳೆ ಬ್ಲೇಡನ್ನು ಹೊರಗಿನ ಚೂರಿನ ಕಡೆಗೆ ತಳ್ಳುವ ಹಾಗೆ ಎಳೆಯುವ ದಿಕ್ಕು ಬದಲಿಸಿ. ಆಗಲೂ ಸೀಳಿದರೆ ತುಂಡು ಸೀಳಲಿ, ರಿಬ್ ಉಳಿಯುತ್ತದೆ.

ಈಗ ನನ್ನ ಹೆಸರು. ಬಹಳ ವರ್ಷ ಹಳೆಯ ಬಾಗಿಲೊಂದನ್ನು ಮಲಗಿಸಿ ಅದರ ಮೇಲೇ ಕಟ್ಟುತ್ತಿದ್ದೆ. ಒಂದು ವಿಮಾನ ಇಳಿಸಲು ನಿಧಾನ ಮಾಡಿದಾಗಲೆಲ್ಲ ಎಡಕ್ಕೆ ಒರಗಿ ದೊಪ್ಪನೆ ಬೀಳುತ್ತಿತ್ತು. ಮೋಟಾರ್ ಕೋನ ಬದಲಿಸಿದೆ. ಸರ್ವೋ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರ್) ಬದಲಿಸಿದೆ. ಗಾಳಿಯನ್ನು ಬೈದೆ. ಎಡ ರೆಕ್ಕೆಯ ತುದಿಯನ್ನು ಮೂರು ಸಲ ಹೊಸದಾಗಿ ಕಟ್ಟಿದೆ, ಅದೇ ಬಾಗಿಲ ಮೇಲೆ! ಕೊನೆಗೆ ಒಂದು ದಿನ ಎರಡು ನೇರ ಕಡ್ಡಿಗಳನ್ನು ಬಾಗಿಲಿನ ಎರಡು ತುದಿಗೆ ಅಡ್ಡಡ್ಡ ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದೆ. ಹಿಂದಿನ ಕಡ್ಡಿಯ ಒಂದು ಕೊನೆ ಮೇಲಕ್ಕೆ ಇಣುಕುತ್ತಿತ್ತು. ಬಾಗಿಲೇ ತಿರುಚಿಕೊಂಡಿತ್ತು. ರೆಕ್ಕೆಯ ತುದಿಯಲ್ಲಿ ಮುಂದಂಚು ಹಿಂದಂಚಿಗಿಂತ 3 ಮಿ.ಮೀ. ಎತ್ತರ. 200 ಮಿ.ಮೀ. ಅಗಲದ ರೆಕ್ಕೆಗೆ ಅದು ಹೆಚ್ಚುಕಮ್ಮಿ ಒಂದು ಡಿಗ್ರಿ. ಆ ತುದಿ ಉಳಿದ ರೆಕ್ಕೆಗಿಂತ ಮೊದಲೇ ಗಾಳಿಯ ಹಿಡಿತ ಬಿಡುತ್ತಿತ್ತು, ಬೀಳದೆ ಇನ್ನೇನು ಮಾಡೀತು?

ಈಗ ದಪ್ಪ ಗಾಜಿನ ಹಲಗೆ, ಅದರ ಮೇಲೆ ಪಿನ್ ಚುಚ್ಚಲು ಸಾಫ್ಟ್ ಬೋರ್ಡ್, ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ನೀವು ಬೇರೇನು ಬಿಟ್ಟರೂ ಆ ಎರಡು ಕಡ್ಡಿಯ ಪರೀಕ್ಷೆ ಇವತ್ತೇ ಮಾಡಿ.

ಮೂಲೆಗೆ ಬಿದ್ದದ್ದು: ರಿಬ್ ಹಿಡಿಯಲು ತಂದ ಚೆಂದದ ಹಿತ್ತಾಳೆ ಕ್ಲಾಂಪುಗಳು. ಬಟ್ಟೆ ಒಣಗಿಸುವ ಕ್ಲಿಪ್ಪಿಗಿಂತ ಒಂದು ಕೆಲಸವೂ ಜಾಸ್ತಿ ಮಾಡಲಿಲ್ಲ.

ಗ್ರಾಂ ಲೆಕ್ಕ ಉತ್ತರಿಸಿದ್ದು:

ಮೇಲಿನವರು ತೂಕದ ವಿಷಯವನ್ನೇ ಎತ್ತಲಿಲ್ಲ. ನನಗೆ ಮೊದಲ ಸಾಧನ ಒಂದು ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ.

ಬಾಲ್ಸಾ ಎಲ್ಲ ಒಂದೇ ಅಲ್ಲ. 3 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, ಒಂದು ಮೀಟರ್ ಉದ್ದದ ಹಲಗೆ 30 ಗ್ರಾಂ ಇರಬಹುದು, 60 ಗ್ರಾಂ ಕೂಡ ಇರಬಹುದು. ನೋಡಲು ಎರಡೂ ಒಂದೇ ತರಹ. ಪ್ರತಿ ಹಲಗೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ತೂಕ ಬರೆದಿಡಿ. ಹಗುರವಾದದ್ದು ಬಾಲಕ್ಕೆ, ಭಾರದ್ದು ಸ್ಪಾರಿಗೆ. ಬಾಲದಲ್ಲಿ ಐದು ಗ್ರಾಂ ಹೆಚ್ಚಾದರೆ ಮೂಗಿಗೆ ಅದರ ಕೆಲವು ಪಟ್ಟು ಸೀಸ ತುಂಬಬೇಕು, ಮೂಗು ಗುರುತ್ವ ಕೇಂದ್ರಕ್ಕೆ ಅಷ್ಟು ಹತ್ತಿರ ಇರುತ್ತದೆ.

ಎಡ ಬಲ ರೆಕ್ಕೆಗೆ ಸಮ ತೂಕದ ಸ್ಪಾರ್ ಜೋಡಿಸಿ. ಎರಡನ್ನೂ ಮೇಜಿನ ಅಂಚಿನಿಂದ ಒಂದೇ ಉದ್ದ ಹೊರಚಾಚಿ, ತುದಿಗೆ ಒಂದೇ ಭಾರ ನೇತುಹಾಕಿ, ಎಷ್ಟು ಬಗ್ಗುತ್ತವೆ ನೋಡಿ. ಒಂದು ಜಾಸ್ತಿ ಬಗ್ಗಿದರೆ ಅದಕ್ಕೆ ಬೇರೆ ಕೆಲಸ ಕೊಡಿ.

ಅಂಟುಬೆರಳು ಉತ್ತರಿಸಿದ್ದು:

ಸೂಪರ್ ಗ್ಲೂ ಒಂದರಲ್ಲೇ ಇಡೀ ವಿಮಾನ ಕಟ್ಟಬೇಡಿ. ಅದು ಒಣಗಿದ ಮೇಲೆ ಬಾಲ್ಸಾಗಿಂತ ತುಂಬಾ ಗಟ್ಟಿ. ಉಜ್ಜಲು ಹೋದರೆ ಅಂಟಿನ ಗೆರೆ ಏಣಿನ ಹಾಗೆ ನಿಲ್ಲುತ್ತದೆ, ಅಕ್ಕಪಕ್ಕದ ಮರ ಸವೆದುಹೋಗುತ್ತದೆ. ಮೇಲೆ ಫಿಲ್ಮ್ (ಕಾಯಿಸಿದರೆ ಬಿಗಿಯುವ ತೆಳು ಪ್ಲಾಸ್ಟಿಕ್ ಹೊದಿಕೆ) ಹೊದಿಸಿದಾಗ ಅದು ಎದ್ದು ಕಾಣುತ್ತದೆ. ಉಜ್ಜಬೇಕಾದ ಕಡೆ ಮರದ ಅಂಟು ಹಾಕಿ, ರಾತ್ರಿ ಬಿಡಿ.

ಇನ್ನೊಂದು, ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ. ನಾನು ಹಳೆಯ ಬನಿಯನ್ನಿನಲ್ಲಿ ಒರೆಸಿದೆ. ಎರಡು ಸೆಕೆಂಡಿನಲ್ಲಿ ಹೊಗೆ ಬಂತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಹತ್ತಿ ತಾಕಿದರೆ ಅದು ಒಮ್ಮೆಲೇ ಗಟ್ಟಿಯಾಗಿ ಕಾವು ಬಿಡುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಅದರ ಆವಿ ಕಣ್ಣಿಗೂ ಮೂಗಿಗೂ ಒಳ್ಳೆಯದಲ್ಲ.

ನನ್ನ ಇಷ್ಟದ ಸಾಧನ ಹೊದಿಕೆಯ ಪುಟ್ಟ ಇಸ್ತ್ರಿ. ಬರೀ ಫಿಲ್ಮ್ ಅಂಟಿಸಲು ಅಲ್ಲ. ರೆಕ್ಕೆ ಸ್ವಲ್ಪ ತಿರುಚಿದ್ದರೆ ಅದನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದು ಫಿಲ್ಮ್ ಕಾಯಿಸಿ, ತಣ್ಣಗಾಗುವವರೆಗೆ ಬಿಡದೆ ಹಿಡಿದಿರಿ. ಫಿಲ್ಮ್ ಹೊಸ ಜಾಗದಲ್ಲಿ ಬಿಗಿದುಕೊಳ್ಳುತ್ತದೆ. ಎಡತುದಿಯವರೇ, ಮೂರು ಸಲ ಕಟ್ಟುವ ಬದಲು ಇದನ್ನು ಮಾಡಬಹುದಿತ್ತು ಅಲ್ವಾ?

ಮೂರು ಎಡತುದಿ ಉತ್ತರಿಸಿದ್ದು:

ಮಾಡಬಹುದಿತ್ತು. ರೆಕ್ಕೆ ತಿರುಚಿದೆ ಅಂತ ಗೊತ್ತಿದ್ದರೆ! ಆದರೆ ಫಿಲ್ಮಿನ ಬಿಗಿತದ ಮೇಲೆ ನಿಂತ ರಿಪೇರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಬಿಸಿಲಲ್ಲಿ ಬಿಟ್ಟರೆ ಸಡಿಲವಾಗಿ ಮತ್ತೆ ಹಳೇ ಚಾಳಿಗೆ ಬಂದದ್ದು ನೋಡಿದ್ದೇನೆ.

ಹೊಸರೆಕ್ಕೆ ಉತ್ತರಿಸಿದ್ದು:

ಎಲ್ಲರಿಗೂ ಥ್ಯಾಂಕ್ಸ್. ಕಡ್ಡಿ ಪರೀಕ್ಷೆ ಮಾಡಿದೆ. ಊಟದ ಮೇಜು ಫೇಲ್, ಪುಸ್ತಕದ ಕಪಾಟಿನ ಒಂದು ಹಲಗೆ ಪಾಸ್. ಪುಸ್ತಕಗಳು ಸದ್ಯ ನೆಲದ ಮೇಲಿವೆ.

ರಿಬ್ ಕಟ್ಟನ್ನು ಈ ಭಾನುವಾರ ಉಜ್ಜಿದೆ. ಕರ್ ಕರ್ ಸದ್ದು ನಿಜವಾಗಿಯೂ ಕೇಳಿಸಿತು. ಬಿಚ್ಚಿ ನಿಲ್ಲಿಸಿದರೆ ಮೇಲಂಚು ಒಂದೇ ಗೆರೆ! ಇಪ್ಪತ್ತನಾಲ್ಕು ಹಾಕಿದ್ದೆ, ಒಂದು ಬೋಲ್ಟಿನ ಹತ್ತಿರ ಸೀಳಿತು, ಒಂದು ಮಿಕ್ಕಿತು.

ಈಗ ಇನ್ನೊಂದು ತೊಂದರೆ. ನಕ್ಷೆಯಲ್ಲಿ ಬಲ ರೆಕ್ಕೆ ಮಾತ್ರ ಇದೆ. ಎಡ ರೆಕ್ಕೆಗೆ ಮತ್ತೆ ಪೂರ್ತಿ ಗೆರೆ ಎಳೆಯಬೇಕಾ?

ಮೂರು ಎಡತುದಿ ಉತ್ತರಿಸಿದ್ದು:

ಬೇಡ. ಬಲ ರೆಕ್ಕೆ ಮುಗಿದ ಮೇಲೆ ನಕ್ಷೆಗೆ ಅಡುಗೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಮಿಕ್ಕಿದ್ದನ್ನು ಒರೆಸಿ, ತಿರುವಿ ಹಾಕಿ. ಕಾಗದದ ಆಚೆಯಿಂದ ಗೆರೆ ಸ್ಪಷ್ಟ ಕಾಣುತ್ತದೆ, ಅದೇ ನಿಮ್ಮ ಎಡ ರೆಕ್ಕೆ. ಎಣ್ಣೆ ಮರಕ್ಕೆ ತಾಗದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಮರೆಯಬೇಡಿ, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ತಿರುವುವುದನ್ನೂ ಮರೆಯಬೇಡಿ. ನಾನು ಒಮ್ಮೆ ಮರೆತು ಎರಡು ಬಲ ರೆಕ್ಕೆ ಕಟ್ಟಿದ್ದೇನೆ. ಎರಡನೆಯದು ಇನ್ನೂ ಅಟ್ಟದ ಮೇಲಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ.